ನಿಮ್ಮ ಕರ್ನಲ್ ಕೊಟ್ಟವರು ಯಾರು?

ಲಿನಕ್ಸ್ ಇರುವ ಲ್ಯಾಪ್‌ಟಾಪ್ ತಂದಿರುವವರು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆಗೆಯಿರಿ. ‘ಯುನೇಮ್’ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಹೈಫನ್, ಅದಕ್ಕೆ ಅಂಟಿಕೊಂಡು ‘ಆರ್’. ಎಂಟರ್ ಒತ್ತಿ. ಒಂದೇ ಒಂದು ಸಾಲು ಬರುತ್ತದೆ. ಕರ್ನಲ್, ಅಂದರೆ ಹಾರ್ಡ್‌ವೇರ್‌ಗೂ ಪ್ರೋಗ್ರಾಂಗಳಿಗೂ ನಡುವೆ ನಿಂತು ಯಂತ್ರವನ್ನು ನಡೆಸುವ ತಿರುಳು, ಯಾವ ಆವೃತ್ತಿಯದು ಎಂದು ಆ ಸಾಲು ಹೇಳುತ್ತದೆ. ಅದನ್ನು ಪರದೆಯ ಮೇಲೆ ಹಾಗೇ ಬಿಡಿ. ಮುಂದಿನ ಮಾತೆಲ್ಲ ಆ ಸಾಲನ್ನು ಸರಿಯಾಗಿ ಓದುವುದರಿಂದಲೇ ಶುರುವಾಗುತ್ತದೆ.

ಕರ್ನಲ್ ಅಪ್‌ಡೇಟ್ ಅಂದ ಕೂಡಲೇ ಎಲ್ಲರೂ ಕೇಳುವುದು ‘ಹೊಸದು ಎಲ್ಲಿ ಸಿಗುತ್ತೆ?’ ಅಂತ. ಹುಡುಕಿದರೆ ಹತ್ತು ಕಡೆ ಸಿಗುತ್ತದೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಈಗ ನಿಮ್ಮ ಯಂತ್ರದಲ್ಲಿ ಓಡುತ್ತಿರುವ ಕರ್ನಲ್ ಯಾರು ಕೊಟ್ಟದ್ದು? ಅದನ್ನು ಕೊಟ್ಟವರ ಹತ್ತಿರವೇ ಅದರ ಅಪ್‌ಡೇಟ್ ಇರುತ್ತದೆ. ಬೇರೆಯವರ ಹತ್ತಿರ ಸಿಗುವುದು ಬೇರೆ ಕರ್ನಲ್. ಅದರ ನಂಬರ್ ದೊಡ್ಡದಿರಬಹುದು, ಆದರೆ ಅದು ನಿಮ್ಮದರ ಮುಂದಿನ ಕಂತು ಅಲ್ಲ.

ಈಗ ಆ ಸಾಲಿಗೆ ಬರೋಣ. ಮುಂದೆ ಕೂತವರೊಬ್ಬರ ಪರದೆಯಲ್ಲಿ 6.8.0-45-ಜೆನೆರಿಕ್ ಎಂದು ಇದೆ. ಇದು ಉಬುಂಟು 24.04, ಒಂದು ಡಿಸ್ಟ್ರೋ, ಅಂದರೆ ಲಿನಕ್ಸ್ ಕರ್ನಲ್ ಜೊತೆ ಉಳಿದ ಸಾಫ್ಟ್‌ವೇರ್ ಸೇರಿಸಿ ಕೊಡುವ ವ್ಯವಸ್ಥೆ. ಒಂದೊಂದೇ ತುಂಡು ನೋಡೋಣ. ಮೊದಲ ಎರಡು ಅಂಕಿ, 6.8, ಮೂಲ ಲಿನಕ್ಸ್ ಸರಣಿ. ಆ ಸೊನ್ನೆಯನ್ನು ನೋಡಿ ಮೋಸ ಹೋಗಬೇಡಿ. 6.8ರ ನಂತರ ಯಾವ ತಿದ್ದುಪಡಿಯೂ ಬಂದಿಲ್ಲ ಅಂತ ಅದರ ಅರ್ಥವಲ್ಲ. ಉಬುಂಟು ಆ ಜಾಗವನ್ನು ಯಾವಾಗಲೂ ಸೊನ್ನೆಯಾಗಿಯೇ ಇಡುತ್ತದೆ. 45 ಅನ್ನುವುದು ಉಬುಂಟುವಿನ ಸ್ವಂತ ಲೆಕ್ಕ. ಅಪ್‌ಡೇಟ್ ಬಂದ ಹಾಗೆ ಏರುವುದು ಅದೇ. ಜೆನೆರಿಕ್ ಅಂದರೆ ಸಾಮಾನ್ಯ ಬಳಕೆಯ ಕರ್ನಲ್. ಕ್ಲೌಡ್ ಸರ್ವರ್‌ಗಳಿಗೆ ಬೇರೆ ಹೆಸರಿನವು ಇರುತ್ತವೆ. ನಿಜವಾಗಿ ಎಲ್ಲಿಯವರೆಗಿನ ತಿದ್ದುಪಡಿ ಒಳಗೆ ಬಂದಿದೆ ಎಂದು ನೋಡಬೇಕಾ? ಪ್ರಾಕ್ ಡೈರೆಕ್ಟರಿಯಲ್ಲಿ ‘ವರ್ಷನ್ ಸಿಗ್ನೇಚರ್’ ಎಂಬ ಫೈಲ್ ಇದೆ, ಅದನ್ನು ತೆರೆಯಿರಿ. ಸಾಲಿನ ಕೊನೆಯಲ್ಲಿ 6.8.12ರಂಥ ಸಂಖ್ಯೆ ಕಾಣುತ್ತದೆ. ಮೂಲ ಸರಣಿಯ ಯಾವ ಬಿಡುಗಡೆಯವರೆಗಿನ ಕೆಲಸ ಸೇರಿದೆ ಅನ್ನುವುದನ್ನು ಅದು ಹೇಳುತ್ತದೆ.

ಡೆಬಿಯನ್‌ನಲ್ಲಿ ಇದೇ ವಿಷಯ ಇನ್ನೊಂದು ರೀತಿ. ಅಲ್ಲಿ 6.1.0-18-ಎಎಂಡಿ64 ಎಂದು ಬರುತ್ತದೆ. ಹೈಫನ್ ಆರ್ ಬದಲು ಹೈಫನ್ ವಿ ಹಾಕಿ ಕೇಳಿದರೆ 6.1.76-1 ಎಂಬ ನಿಜವಾದ ಆವೃತ್ತಿ, ಅದರ ತಾರೀಖು, ಎರಡೂ ಸಿಗುತ್ತವೆ. ರೆಡ್ ಹ್ಯಾಟ್ 9ನೇ ಆವೃತ್ತಿಯಲ್ಲಿ 5.14.0 ಎಂದು ಶುರುವಾಗಿ, ಉದ್ದದ ನಂಬರ್ ಬಂದು, ಕೊನೆಯ ಕಡೆ ‘ಇಎಲ್9’ ಎಂದು ಬರುತ್ತದೆ. ಆ ಬಾಲ ನೋಡಿದರೆ ಸಾಕು, ಕರ್ನಲ್ ಯಾರ ಮನೆಯದು ಎಂದು ಗೊತ್ತಾಗುತ್ತದೆ.

ಇಲ್ಲಿ ಒಂದು ನಿಮಿಷ ಹಿಂದಕ್ಕೆ ಹೋಗಬೇಕು. ಈ ಕರ್ನಲ್‌ಗಳೆಲ್ಲ ಎಲ್ಲಿಂದ ಹರಿದು ಬರುತ್ತವೆ?

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಮುಖ್ಯ ಶಾಖೆಗೆ ಮೇನ್‌ಲೈನ್ ಎನ್ನುತ್ತಾರೆ. ಅದರಲ್ಲಿ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಬಿಡುಗಡೆ. ಮೊದಲ ಎರಡು ವಾರ ಹೊಸ ಕೋಡ್ ಒಳಗೆ ಸೇರುತ್ತದೆ. ಆಮೇಲೆ ಬಾಗಿಲು ಮುಚ್ಚುತ್ತಾರೆ. ವಾರಕ್ಕೊಂದು ಆರ್‌ಸಿ, ಅಂದರೆ ಬಿಡುಗಡೆಗೆ ಮುಂಚಿನ ಕರಡು, ಬರುತ್ತದೆ: ಆರ್‌ಸಿ1, ಆರ್‌ಸಿ2 ಹೀಗೆ. ಏಳು ಅಥವಾ ಎಂಟು ಆದ ಮೇಲೆ ಅಸಲಿ ಬಿಡುಗಡೆ. ಆರ್‌ಸಿ ಇರುವವು ಪರೀಕ್ಷೆಗೆ ಇಟ್ಟವು. ಪರೀಕ್ಷೆ ಮಾಡುವ ಉದ್ದೇಶ ಇಲ್ಲದಿದ್ದರೆ ಅವನ್ನು ಮುಟ್ಟಬೇಡಿ.

ಬಿಡುಗಡೆಯಾದ ಮೇಲೆ ಅದು ಸ್ಟೇಬಲ್ ತಂಡದ ಕೈಗೆ ಹೋಗುತ್ತದೆ. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮತ್ತು ಸಾಶಾ ಲೆವಿನ್ ಅದನ್ನು ನೋಡಿಕೊಳ್ಳುತ್ತಾರೆ. ಹೆಚ್ಚುಕಡಿಮೆ ವಾರಕ್ಕೊಮ್ಮೆ ಮೂರನೇ ಅಂಕಿ ಏರುತ್ತದೆ: 6.6.1, 6.6.2, 6.6.3. ಅಲ್ಲಿ ಹೊಸ ಸೌಲಭ್ಯ ಸೇರಿಸುವುದಿಲ್ಲ, ತಿದ್ದುಪಡಿ ಮಾತ್ರ. ಅದೂ ಮೊದಲು ಮೇನ್‌ಲೈನ್‌ಗೆ ಹೋಗಿರಲೇಬೇಕು ಎಂಬ ನಿಯಮ ಇದೆ. ಮುಂದಿನ ಬಿಡುಗಡೆ ಬಂದು ಸ್ವಲ್ಪ ದಿನಕ್ಕೆ ಹಳೆಯ ಸರಣಿ ನಿಂತುಹೋಗುತ್ತದೆ. ಆದರೆ ವರ್ಷಕ್ಕೊಂದನ್ನು ಆರಿಸಿ ದೀರ್ಘಕಾಲ ಉಳಿಸಿಕೊಳ್ಳುತ್ತಾರೆ, ಸಾಮಾನ್ಯವಾಗಿ ಆ ವರ್ಷದ ಕೊನೆಯದನ್ನು. 2022ರ 6.1, 2023ರ 6.6, 2024ರ 6.12 ಹಾಗೆ ಉಳಿದವು. ಇವಕ್ಕೆ ಲಾಂಗ್‌ಟರ್ಮ್ ಎಂದು ಹೆಸರು.

ಮೊದಲ ಅಂಕಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. 5 ಹೋಗಿ 6 ಬಂದಾಗ ಏನು ದೊಡ್ಡ ಬದಲಾವಣೆ ಆಯಿತು ಅಂತ. ಏನೂ ಇಲ್ಲ. 2011ರಲ್ಲಿ 2.6.39 ಆದ ಮೇಲೆ ಸೀದಾ 3.0 ಮಾಡಿದರು. ಎರಡನೇ ಅಂಕಿ ತುಂಬ ದೊಡ್ಡದಾಯಿತು ಅನ್ನಿಸಿದಾಗ ಲಿನಸ್ ಮೊದಲನೆಯದನ್ನು ಏರಿಸುತ್ತಾರೆ, ಅಷ್ಟೇ.

ಸ್ಟೇಬಲ್‌ನಿಂದ ಮುಂದೆ ಡಿಸ್ಟ್ರೋಗಳು. ಪ್ರತಿಯೊಂದು ಡಿಸ್ಟ್ರೋ ತನಗೆ ಬೇಕಾದ ಸರಣಿಯನ್ನು ಎತ್ತಿಕೊಳ್ಳುತ್ತದೆ. ತನ್ನ ಪ್ಯಾಚ್, ಅಂದರೆ ತಿದ್ದುಪಡಿಯ ತುಂಡುಗಳನ್ನು ಸೇರಿಸುತ್ತದೆ, ತನ್ನ ಕೀಲಿಯಿಂದ ಸಹಿ ಹಾಕುತ್ತದೆ, ತನ್ನ ರೆಪಾಸಿಟರಿಯಲ್ಲಿ, ಅಂದರೆ ಪ್ಯಾಕೇಜ್‌ಗಳ ಉಗ್ರಾಣದಲ್ಲಿ ಇಡುತ್ತದೆ. ನಿಮ್ಮ ಯಂತ್ರಕ್ಕೆ ಬರುವುದು ಅದು.

ಈಗ ನೋಡಿ, ಜನ ಗಾಬರಿಯಾಗುವ ಜಾಗ ಇದೇ. ಮೂಲ ಲಿನಕ್ಸ್ ಕರ್ನಲ್ ಸಿಗುವ ತಾಣ ಕರ್ನಲ್ ಡಾಟ್ ಆರ್ಗ್ ತೆರೆದು ನೋಡುತ್ತಾರೆ. 6.8 ಅಲ್ಲಿ ಕಾಣುವುದೇ ಇಲ್ಲ. 2024ರ ಮೇ ತಿಂಗಳಲ್ಲೇ 6.8.12 ಬಿಟ್ಟು ಆ ಸರಣಿಯನ್ನು ಮುಗಿಸಿದರು. ‘ಅಯ್ಯೋ, ನಾನು ಸತ್ತುಹೋದ ಕರ್ನಲ್ ಓಡಿಸ್ತಾ ಇದೀನಿ’ ಎಂದುಕೊಂಡು, ಎಲ್ಲಿಂದಲೋ ಹೊಸದನ್ನು ಇಳಿಸಿಕೊಳ್ಳಲು ಹೊರಡುತ್ತಾರೆ. ಆದರೆ ಉಬುಂಟು 24.04ಕ್ಕೆ 2029ರವರೆಗೆ ಬೆಂಬಲ ಇದೆ. ಆ 6.8ಕ್ಕೆ ತಿದ್ದುಪಡಿ ತರುವ ಹೊಣೆ ಉಬುಂಟುವಿನ ಕರ್ನಲ್ ತಂಡದ್ದು. ರೆಡ್ ಹ್ಯಾಟ್‌ನ 5.14 ಇನ್ನೂ ಒಳ್ಳೆಯ ಉದಾಹರಣೆ. ಮೂಲದಲ್ಲಿ ಆ ಸರಣಿ 2021ರಲ್ಲೇ ಹುಟ್ಟಿ 2021ರಲ್ಲೇ ಮುಗಿಯಿತು. ಅದನ್ನೇ ಇಟ್ಟುಕೊಂಡು ರೆಡ್ ಹ್ಯಾಟ್ 9 ಬಂದದ್ದು 2022ರ ಮೇ ತಿಂಗಳಲ್ಲಿ. ಈಗಲೂ ಅದಕ್ಕೆ ಅಪ್‌ಡೇಟ್ ಬರುತ್ತಲೇ ಇದೆ.

ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಹಳೆಯ ಮನೆಯನ್ನು ಕೆಡವದೆ, ಮುರಿದ ಕಿಟಕಿ ಒಂದನ್ನೇ ಬದಲಿಸಿದ ಹಾಗೆ. ಹೊಸ ಕರ್ನಲ್‌ನಲ್ಲಿ ಮಾಡಿದ ತಿದ್ದುಪಡಿಯನ್ನು ಹಳೆಯ ಕೋಡ್‌ಗೆ ಹೊಂದಿಸಿ ಕೂರಿಸುತ್ತಾರೆ. ಹೊರಗಿನ ನಂಬರ್ 5.14 ಎಂದೇ ಇರುತ್ತದೆ, ಒಳಗೆ ಈ ವರ್ಷದ ಪ್ಯಾಚ್ ಇರುತ್ತದೆ. ಹಾಗಾಗಿ ಬರೀ ನಂಬರ್ ನೋಡಿ ‘ಇದು ಹಳೆಯದು, ಅಪಾಯ’ ಎಂದು ವರದಿ ಕೊಡುವ ಸ್ಕ್ಯಾನರ್‌ಗಳ ಮಾತನ್ನು ಪೂರ್ತಿ ನಂಬಬೇಡಿ. ಸಿವಿಇ ನಂಬರ್, ಅಂದರೆ ಒಂದೊಂದು ಭದ್ರತಾ ದೋಷಕ್ಕೂ ಕೊಡುವ ಗುರುತಿನ ಸಂಖ್ಯೆ, ಹಿಡಿದು ಡಿಸ್ಟ್ರೋದ ಭದ್ರತಾ ಪುಟದಲ್ಲಿ ಹುಡುಕಿ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್, ಸೂಸೆ ಎಲ್ಲರೂ ಅಂಥ ಪುಟ ಇಟ್ಟಿದ್ದಾರೆ. ಯಾವ ಪ್ಯಾಕೇಜ್ ಆವೃತ್ತಿಯಲ್ಲಿ ಸರಿಯಾಗಿದೆ ಎಂದು ಅಲ್ಲಿ ಬರೆದಿರುತ್ತದೆ. ಅದನ್ನು ನಿಮ್ಮ ಆ ಒಂದು ಸಾಲಿನ ಜೊತೆ ಹೋಲಿಸಿ.

ಸರಿ, ಡಿಸ್ಟ್ರೋ ಕರ್ನಲ್ ಅಪ್‌ಡೇಟ್ ಹುಡುಕುವುದು ಹೇಗೆ? ಡೆಬಿಯನ್, ಉಬುಂಟು ಬಳಸುವವರು ಮೊದಲು ‘ಆಪ್ಟ್ ಅಪ್‌ಡೇಟ್’ ಕೊಡಬೇಕು. ಇದು ಏನನ್ನೂ ಬದಲಿಸುವುದಿಲ್ಲ, ಪಟ್ಟಿಯನ್ನು ಮಾತ್ರ ಹೊಸದಾಗಿ ತರುತ್ತದೆ. ಇದನ್ನು ಮಾಡದೆ ‘ಅಪ್‌ಡೇಟ್ ಏನೂ ಇಲ್ಲ’ ಎಂದು ನೆಮ್ಮದಿಯಾಗಿ ಇರುವವರು ತುಂಬ ಜನ ಇದ್ದಾರೆ. ಯಂತ್ರ ಹೇಳುತ್ತಿರುವುದು ಹಳೆಯ ಪಟ್ಟಿಯ ಪ್ರಕಾರ ಇಲ್ಲ ಅಂತ, ಅಷ್ಟೇ. ಆಮೇಲೆ ‘ಆಪ್ಟ್ ಪಾಲಿಸಿ’ ಎಂದು ಕೊಟ್ಟು ಕರ್ನಲ್‌ನ ಮೆಟಾ ಪ್ಯಾಕೇಜಿನ ಹೆಸರು ಹಾಕಿ, ಉಬುಂಟುವಿನಲ್ಲಿ ಸಾಮಾನ್ಯವಾಗಿ ‘ಲಿನಕ್ಸ್-ಜೆನೆರಿಕ್’. ಅದೇನು ಎಂದು ಮುಂದೆ ಹೇಳುತ್ತೇನೆ. ಇನ್‌ಸ್ಟಾಲ್ಡ್ ಎಂದು ಒಂದು ಸಾಲು, ಕ್ಯಾಂಡಿಡೇಟ್ ಎಂದು ಇನ್ನೊಂದು ಸಾಲು. ಎರಡೂ ಒಂದೇ ಆಗಿದ್ದರೆ ನೀವು ತುದಿಯಲ್ಲಿದ್ದೀರಿ. ಬೇರೆ ಆಗಿದ್ದರೆ ಹೊಸದು ಕಾದಿದೆ. ಕೆಳಗೆ ಅದು ಯಾವ ರೆಪಾಸಿಟರಿಯಿಂದ ಬರುತ್ತದೆ ಎಂಬುದೂ ಇರುತ್ತದೆ. ಅದನ್ನು ತಪ್ಪದೆ ಓದಿ. ಯಾರು ಕೊಟ್ಟದ್ದು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಉಬುಂಟುವಿನಲ್ಲಿ ಹೊಸ ಕರ್ನಲ್ ಹಳೆಯದರ ಮೇಲೆ ಕೂರುವುದಿಲ್ಲ. 45 ಒಂದು ಪ್ಯಾಕೇಜ್, ಅದರ ನಂತರ ಬರುವುದು ಹೆಸರೇ ಬೇರೆಯಾದ ಇನ್ನೊಂದು ಪ್ಯಾಕೇಜ್. ಹಾಗಾದರೆ ಹೊಸದು ಬಂದಿದೆ ಎಂದು ಯಂತ್ರಕ್ಕೆ ಹೇಳುವವರು ಯಾರು? ಅದಕ್ಕೆ ‘ಲಿನಕ್ಸ್-ಜೆನೆರಿಕ್’ ಎಂಬ ಮೆಟಾ ಪ್ಯಾಕೇಜ್ ಇದೆ. ಅದರೊಳಗೆ ಕರ್ನಲ್ ಇಲ್ಲ. ಇತ್ತೀಚಿನದು ಯಾವುದೋ ಅದನ್ನು ಎಳೆದು ತಾ ಎಂಬ ಸೂಚನೆ ಮಾತ್ರ ಇದೆ. ಜಾಗ ಖಾಲಿ ಮಾಡಲು ಹೋಗಿ ಅದನ್ನು ತೆಗೆದುಬಿಟ್ಟರೆ ಯಾವ ಎರರ್ ಕೂಡ ಬರುವುದಿಲ್ಲ. ಕರ್ನಲ್ ಅಪ್‌ಡೇಟ್ ಸುಮ್ನೆ ನಿಂತುಹೋಗುತ್ತದೆ. ಉಳಿದ ಪ್ಯಾಕೇಜ್‌ಗಳು ಅಪ್‌ಡೇಟ್ ಆಗುತ್ತಲೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ಹಾಗೇ, ಹಳೆಯ ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಕಮಾಂಡ್ ಹೊಸ ಹೆಸರಿನ ಪ್ಯಾಕೇಜ್ ಸೇರಿಸುವುದಿಲ್ಲ. ಕರ್ನಲ್‌ಗಳನ್ನು ‘ಕೆಪ್ಟ್ ಬ್ಯಾಕ್’ ಎಂದು ಪಕ್ಕಕ್ಕೆ ಇಡುತ್ತದೆ. ‘ಆಪ್ಟ್ ಅಪ್‌ಗ್ರೇಡ್’ ಬಳಸಿದರೆ ಅವೂ ಬರುತ್ತವೆ.

ಫೆಡೋರಾ, ರೆಡ್ ಹ್ಯಾಟ್ ಕಡೆ ‘ಡಿಎನ್‌ಎಫ್ ಚೆಕ್-ಅಪ್‌ಡೇಟ್’ ಕೊಟ್ಟು ಮುಂದೆ ಕರ್ನಲ್ ಎಂದು ಹಾಕಿ. ಅಲ್ಲಿ ಮಾಮೂಲಿಯಾಗಿ ಮೂರು ಕರ್ನಲ್ ಉಳಿಸಿಕೊಳ್ಳುವ ವ್ಯವಸ್ಥೆ ಇದೆ. ನಾಲ್ಕನೆಯದು ಬಂದಾಗ ಹಳೆಯದೊಂದು ಹೋಗುತ್ತದೆ, ಆದರೆ ಓಡುತ್ತಿರುವುದನ್ನು ಮುಟ್ಟುವುದಿಲ್ಲ. ಇದು ನನಗೆ ತುಂಬ ಇಷ್ಟವಾದ ಏರ್ಪಾಡು. ಆರ್ಚ್‌ನಲ್ಲಿ ‘ಪ್ಯಾಕ್‌ಮನ್’ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ, ಕರ್ನಲ್ ಹಳೆಯದರ ಮೇಲೇ ಕೂರುತ್ತದೆ. ಓಡುತ್ತಿರುವ ಕರ್ನಲ್‌ನ ಮಾಡ್ಯೂಲ್‌ಗಳು, ಅಂದರೆ ಬೇಕಾದಾಗ ಸೇರಿಸಿಕೊಳ್ಳುವ ಡ್ರೈವರ್‌ನಂಥ ತುಂಡುಗಳು, ಡಿಸ್ಕ್‌ನಿಂದ ಹೋಗಿಬಿಡುತ್ತವೆ. ಅಪ್‌ಡೇಟ್ ಆದ ಮೇಲೆ ಪೆನ್‌ಡ್ರೈವ್ ಹಾಕಿದರೆ ತೆರೆಯುತ್ತಿಲ್ಲ ಎಂಬ ದೂರು ಬರುವುದು ಬಹಳ ಸಲ ಇದರಿಂದಲೇ. ರೀಬೂಟ್ ಮಾಡಿದರೆ ಸರಿಹೋಗುತ್ತದೆ.

ಇನ್ನು ಮೂಲದಿಂದಲೇ ಇಳಿಸಿಕೊಳ್ಳುವ ವಿಷಯ. ಯಾರಿಗೆ ಬೇಕು ಇದು? ತೀರಾ ಹೊಸ ಹಾರ್ಡ್‌ವೇರ್ ಇದ್ದವರಿಗೆ, ಡ್ರೈವರ್ ಬರೆಯುವವರಿಗೆ, ಒಂದು ದೋಷ ಮೇನ್‌ಲೈನ್‌ನಲ್ಲೂ ಇದೆಯೋ ಇಲ್ಲವೋ ಎಂದು ನೋಡಬೇಕಾದವರಿಗೆ, ಕಲಿಯಬೇಕು ಅನ್ನುವವರಿಗೆ. ಉಳಿದವರಿಗೆ ಡಿಸ್ಟ್ರೋ ಕರ್ನಲ್ ಸಾಕು. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ. ಮೂಲದಿಂದ ತಂದು ಹಾಕಿದ ದಿನದಿಂದ ಆ ಕರ್ನಲ್ ಕೊಟ್ಟವರು ನೀವೇ ಆಗುತ್ತೀರಿ. ಮುಂದಿನ ವಾರದ ತಿದ್ದುಪಡಿ ತಾನಾಗಿ ಬರುವುದಿಲ್ಲ. ನೀವೇ ಹೋಗಿ ತರಬೇಕು, ನೀವೇ ಕಂಪೈಲ್ ಮಾಡಬೇಕು. ಉಬುಂಟು ತಂಡ ಮೇನ್‌ಲೈನ್ ಕರ್ನಲ್‌ಗಳನ್ನು ರೆಡಿ ಪ್ಯಾಕೇಜ್ ಮಾಡಿ ಇಡುವ ಒಂದು ಜಾಗ ಇದೆ. ಬಹಳ ಜನ ಅಲ್ಲಿಂದ ತಂದು ಹಾಕುತ್ತಾರೆ. ಅವು ಪರೀಕ್ಷೆಗೆ ಮಾಡಿದವು. ಭದ್ರತಾ ಬೆಂಬಲ ಇಲ್ಲ, ಸಹಿ ಇಲ್ಲದ ಕರ್ನಲ್ ತಡೆಯುವ ಸೆಕ್ಯೂರ್ ಬೂಟ್‌ಗೆ ಬೇಕಾದ ಸಹಿಯೂ ಇಲ್ಲ.

ಆದರೂ ಇಳಿಸಿಕೊಳ್ಳುವುದಾದರೆ ಸರಿಯಾಗಿ ಇಳಿಸಿಕೊಳ್ಳೋಣ. ಕರ್ನಲ್ ಡಾಟ್ ಆರ್ಗ್‌ನ ಮೊದಲ ಪುಟದಲ್ಲೇ ಮೇನ್‌ಲೈನ್, ಸ್ಟೇಬಲ್, ಲಾಂಗ್‌ಟರ್ಮ್ ಎಂದು ಪಟ್ಟಿ ಇದೆ. ‘ಟಾರ್‌ಬಾಲ್’ ಒತ್ತಿದರೆ, ಸೋರ್ಸ್ ಕೋಡನ್ನೆಲ್ಲ ಒಂದು ಟಾರ್ ಫೈಲಿಗೆ ಕಟ್ಟಿ ಕುಗ್ಗಿಸಿದ ಎಕ್ಸ್‌ಝಡ್ ಫೈಲ್ ಬರುತ್ತದೆ, 6ನೇ ಸರಣಿಯದ್ದಾದರೆ ಸುಮಾರು 130ರಿಂದ 150 ಎಂಬಿ. ಪಕ್ಕದಲ್ಲಿ ‘ಪಿಜಿಪಿ’ ಎಂದು ಪುಟ್ಟ ಲಿಂಕ್ ಇದೆ. ಎಷ್ಟೋ ಜನ ಅದನ್ನು ಒತ್ತುವುದೇ ಇಲ್ಲ. ದಯವಿಟ್ಟು ಒತ್ತಿ. ಅದು ಸಹಿಯ ಫೈಲ್, ಇದು ನಿಜವಾಗಿ ಅವರೇ ಕೊಟ್ಟದ್ದು ಎಂದು ಪರೀಕ್ಷಿಸಲು.

ಸಹಿ ಪರೀಕ್ಷೆಯಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಸಹಿ ಹಾಕಿರುವುದು ಒಳಗಿನ ಟಾರ್ ಫೈಲಿಗೆ, ಹೊರಗಿನ ಎಕ್ಸ್‌ಝಡ್‌ಗೆ ಅಲ್ಲ. ಇಳಿಸಿಕೊಂಡ ಫೈಲನ್ನು ಹಾಗೇ ಜಿಪಿಜಿಗೆ, ಅಂದರೆ ಸಹಿ ಪರೀಕ್ಷಿಸುವ ಪ್ರೋಗ್ರಾಂಗೆ, ಕೊಟ್ಟರೆ ‘ಬ್ಯಾಡ್ ಸಿಗ್ನೇಚರ್’ ಬರುತ್ತದೆ. ಎದೆ ಧಸಕ್ಕೆನ್ನುತ್ತದೆ. ಮೊದಲು ಎಕ್ಸ್‌ಝಡ್ ಬಿಚ್ಚಬೇಕು, ಅಥವಾ ಬಿಚ್ಚಿದ್ದನ್ನು ಪೈಪ್ ಮೂಲಕ ನೇರವಾಗಿ ಜಿಪಿಜಿಗೆ ಹರಿಸಬೇಕು. ಕೀಲಿಗಳನ್ನು ತರಲು ಜಿಪಿಜಿಯಲ್ಲೇ ‘ಲೊಕೇಟ್-ಕೀಸ್’ ಎಂಬ ಆಯ್ಕೆ ಇದೆ. ಅದಕ್ಕೆ ಲಿನಸ್ ಮತ್ತು ಗ್ರೆಗ್ ಅವರ ಕರ್ನಲ್ ಡಾಟ್ ಆರ್ಗ್ ವಿಳಾಸ ಕೊಟ್ಟರೆ ಸಾಕು. ಕೊನೆಗೆ ‘ಗುಡ್ ಸಿಗ್ನೇಚರ್’ ಎಂಬ ಸಾಲು ಬರಬೇಕು. ಅದರ ಕೆಳಗೆ ಈ ಕೀಲಿಯನ್ನು ನೀವು ನಂಬಿಕೆಯದೆಂದು ಗುರುತಿಸಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಅದು ಮಾಮೂಲಿ. ಕೀಲಿಯ ಬೆರಳಚ್ಚನ್ನು ಕರ್ನಲ್ ಡಾಟ್ ಆರ್ಗ್ ಪುಟದಲ್ಲಿ ಬರೆದಿರುವುದರ ಜೊತೆ ಹೋಲಿಸಿ ನೋಡಿ.

‘ಇಷ್ಟೆಲ್ಲ ಯಾಕೆ, ಚೆಕ್‌ಸಮ್ ನೋಡಿದರೆ ಸಾಲದಾ?’ ಎಂದು ಹಿಂದಿನಿಂದ ಯಾರೋ ಕೇಳಿದರು. ಒಳ್ಳೆಯ ಪ್ರಶ್ನೆ. ಚೆಕ್‌ಸಮ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ. 2011ರ ಆಗಸ್ಟ್‌ನಲ್ಲಿ ಕರ್ನಲ್ ಡಾಟ್ ಆರ್ಗ್ ಸರ್ವರ್‌ಗಳಿಗೇ ಯಾರೋ ನುಗ್ಗಿದ್ದು ಗೊತ್ತಾಯಿತು. ತಾಣವನ್ನು ಮುಚ್ಚಿ, ಎಲ್ಲವನ್ನೂ ಹೊಸದಾಗಿ ಕಟ್ಟಿ, ಮತ್ತೆ ತೆರೆದದ್ದು ಅಕ್ಟೋಬರ್‌ನಲ್ಲಿ. ಫೈಲ್ ಇರುವ ಸರ್ವರ್‌ನಲ್ಲೇ ಚೆಕ್‌ಸಮ್ ಕೂಡ ಇದ್ದರೆ, ನುಗ್ಗಿದವನು ಎರಡನ್ನೂ ಬದಲಿಸಬಹುದು, ಅಲ್ವಾ? ಚೆಕ್‌ಸಮ್ ಹೇಳುವುದು ಡೌನ್‌ಲೋಡ್ ಮಧ್ಯದಲ್ಲಿ ಕೆಟ್ಟಿಲ್ಲ ಎಂದು ಮಾತ್ರ. ಸಹಿಯ ಗುಟ್ಟಿನ ಕೀಲಿ ಇರುವುದು ಡೆವಲಪರ್ ಹತ್ತಿರ, ಸರ್ವರ್‌ನಲ್ಲಿ ಅಲ್ಲ. ಅವತ್ತು ಸೋರ್ಸ್ ಕೋಡ್ ಬಗ್ಗೆ ಧೈರ್ಯ ಇದ್ದದ್ದು ಗಿಟ್‌ನಿಂದ, ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆಯಿಂದ. ಗಿಟ್‌ನಲ್ಲಿ ಪ್ರತಿ ಬದಲಾವಣೆಯೂ ಹಿಂದಿನದರ ಹ್ಯಾಶ್‌ಗೆ, ಅಂದರೆ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಗುರುತಿಗೆ, ಕಟ್ಟಿಕೊಂಡಿರುತ್ತದೆ. ಹಳೆಯದೊಂದನ್ನು ತಿದ್ದಿದರೆ, ಪ್ರತಿ ಇಟ್ಟುಕೊಂಡಿರುವ ಸಾವಿರಾರು ಡೆವಲಪರ್‌ಗಳ ಯಂತ್ರದಲ್ಲಿ ಹೊಂದಾಣಿಕೆ ತಪ್ಪುತ್ತದೆ.

ಸಹಿಗೂ ಒಂದು ಮಿತಿ ಇದೆ. ಇದು ಯಾರು ಕೊಟ್ಟದ್ದು ಎಂದು ಅದು ಹೇಳುತ್ತದೆ, ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಸಾಫ್ಟ್‌ವೇರ್‌ನಲ್ಲೇ ಹಿಂಬಾಗಿಲು ಸಿಕ್ಕಿತು, 5.6.0 ಮತ್ತು 5.6.1ರಲ್ಲಿ. ಅದನ್ನು ಸೇರಿಸಿದ್ದು ಯೋಜನೆಯನ್ನು ನೋಡಿಕೊಳ್ಳುತ್ತಿದ್ದವರಲ್ಲೇ ಒಬ್ಬರ ಖಾತೆ. ಪತ್ತೆ ಹಚ್ಚಿದ್ದು ಆಂಡ್ರೆಸ್ ಫ್ರಾಯಂಡ್. ಲಾಗಿನ್ ಸ್ವಲ್ಪ ನಿಧಾನವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋದವರು ಅವರು. ಕೋಡನ್ನು ಎಷ್ಟು ಕಣ್ಣುಗಳು ನೋಡುತ್ತಿವೆ ಎಂಬುದು ಮುಖ್ಯ. ಕರ್ನಲ್‌ಗೆ ಆ ಭಾಗ್ಯ ಇದೆ.

ಪ್ಯಾಚ್ ಫೈಲ್‌ಗಳ ಬಗ್ಗೆ ಒಂದೇ ಮಾತು. ಪೂರ್ತಿ ಟಾರ್‌ಬಾಲ್ ಬೇಡ, ವ್ಯತ್ಯಾಸ ಮಾತ್ರ ಸಾಕು ಎಂದು ‘ಪ್ಯಾಚ್-6.6.5’ ಇಳಿಸಿಕೊಳ್ಳುತ್ತೀರಿ. ಅದನ್ನು 6.6.4ರ ಮೇಲೆ ಹಚ್ಚಿದರೆ ಹತ್ತುವುದಿಲ್ಲ. ಅದು 6.6ರ ಮೇಲೆ ಹಚ್ಚಲು ಮಾಡಿದ್ದು. 4ರಿಂದ 5ಕ್ಕೆ ಹೋಗುವ ಪ್ಯಾಚ್ ‘ಇನ್ಕರ್’ ಎಂಬ ಬೇರೆ ಫೋಲ್ಡರ್‌ನಲ್ಲಿದೆ. ಗಿಟ್ ಬಳಸಿದರೆ ಈ ತಲೆನೋವೇ ಇಲ್ಲ.

ಈಗ ಬಹಳ ಮುಖ್ಯವಾದದ್ದಕ್ಕೆ ಬರೋಣ. ಯಾವ ಅಪ್‌ಡೇಟ್ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬಹುದು? ಚೇಂಜ್‌ಲಾಗ್ ಓದಿ ತೀರ್ಮಾನ ಮಾಡೋಣ ಎಂದು ಕೆಲವರು ಹೇಳುತ್ತಾರೆ. ಓದಿ, ಖಂಡಿತ ಓದಿ. ಆದರೆ ಅದರ ಮೇಲೆ ತೀರ್ಮಾನ ಮಾಡಬೇಡಿ. ಯಾಕೆ ಎಂದು ಒಂದು ನಡೆದ ಕಥೆಯಿಂದ ತೋರಿಸುತ್ತೇನೆ.

2021ರ ಏಪ್ರಿಲ್‌ನಲ್ಲಿ ಒಂದು ಹೋಸ್ಟಿಂಗ್ ಕಂಪನಿಗೆ ಗ್ರಾಹಕರಿಂದ ದೂರು ಬಂತು. ಡೌನ್‌ಲೋಡ್ ಮಾಡಿದ ಲಾಗ್ ಫೈಲ್ ತೆರೆಯುತ್ತಿಲ್ಲ, ಕೊನೆಯಲ್ಲಿ ಸಿಆರ್‌ಸಿ, ಅಂದರೆ ಫೈಲ್ ಕೆಟ್ಟಿಲ್ಲವೇ ಎಂದು ನೋಡುವ ಲೆಕ್ಕ, ತಪ್ಪು ಬರುತ್ತಿದೆ ಅಂತ. ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ಡೆವಲಪರ್ ಕೈಯಿಂದಲೇ ಸರಿಮಾಡಿ ಕೊಟ್ಟರು. ತಿಂಗಳುಗಳ ನಂತರ ಮತ್ತೆ ಅದೇ. ಮತ್ತೆ ಅದೇ. ಕೂತು ಹುಡುಕಿದಾಗ ಒಂದು ವಿಷಯ ಕಂಡಿತು. ಕೆಟ್ಟವು ಹೆಚ್ಚಾಗಿ ತಿಂಗಳ ಕೊನೆಯ ದಿನದ ಫೈಲ್‌ಗಳು. ಕೆಟ್ಟದ್ದು ಪ್ರತಿ ಫೈಲಿನ ಕೊನೆಯ ಎಂಟು ಬೈಟ್. ಆ ಎಂಟು ಬೈಟ್‌ಗಳು ಯಾವಾಗಲೂ ಅವೇ, ಶುರುವಾಗುವುದು ‘ಪಿಕೆ’ ಎಂದು. ಅದು ಜಿಪ್ ಫೈಲಿನ ಗುರುತು. ತಿಂಗಳ ಲಾಗ್‌ಗಳನ್ನೆಲ್ಲ ಸೇರಿಸಿ ಜಿಪ್ ಮಾಡುವ ಇನ್ನೊಂದು ಪ್ರೋಗ್ರಾಂ ಇತ್ತು. ಆದರೆ ಅದಕ್ಕೆ ಆ ಫೈಲ್‌ಗಳನ್ನು ಓದುವ ಅನುಮತಿ ಮಾತ್ರ ಇತ್ತು, ಬರೆಯುವ ಅನುಮತಿ ಇರಲೇ ಇಲ್ಲ. ಬರೆಯಲಾಗದವನು ಬರೆದದ್ದು ಹೇಗೆ? ತಪ್ಪು ಕರ್ನಲ್‌ನಲ್ಲೇ ಇತ್ತು. ಓದಲು ಮಾತ್ರ ಬಿಟ್ಟ ಯಾವ ಫೈಲಿಗೂ, ಯಾವ ಸಾಮಾನ್ಯ ಬಳಕೆದಾರನೂ ಬರೆಯಬಹುದಿತ್ತು. ಪಾಸ್‌ವರ್ಡ್ ಫೈಲಿಗೂ. ಇದಕ್ಕೆ ಡರ್ಟಿ ಪೈಪ್ ಎಂದು ಹೆಸರಾಯಿತು. 5.8ರಿಂದ ಈ ದೋಷ ಬಳಕೆಗೆ ಸಿಗುವಂತಾಗಿತ್ತು.

ತಿದ್ದುಪಡಿ ಇದ್ದ ಕರ್ನಲ್‌ಗಳು, ಅಂದರೆ 5.16.11, 5.15.25, 5.10.102, ಬಿಡುಗಡೆಯಾದದ್ದು 2022ರ ಫೆಬ್ರುವರಿ 23ಕ್ಕೆ. ಲೋಕಕ್ಕೆ ಸುದ್ದಿ ಗೊತ್ತಾದದ್ದು ಮಾರ್ಚ್ 7ಕ್ಕೆ. ಆ ನಡುವಿನ ದಿನಗಳಲ್ಲಿ ಚೇಂಜ್‌ಲಾಗ್‌ನಲ್ಲಿ ಏನಿತ್ತು ಗೊತ್ತಾ? ಹೊಸ ಪೈಪ್ ಬಫರ್‌ನಲ್ಲಿ ‘ಫ್ಲ್ಯಾಗ್ಸ್’ಗೆ ಆರಂಭದ ಬೆಲೆ ಕೊಡಲಾಗಿದೆ ಎಂಬ ತಲೆಬರಹ. ಅದನ್ನು ಓದಿ ಇದು ಇಡೀ ಯಂತ್ರವನ್ನೇ ಕಾಪಾಡುವ ಬದಲಾವಣೆ ಎಂದು ಯಾರಿಗೆ ಹೊಳೆಯುತ್ತದೆ? ವಾಡಿಕೆಯಂತೆ ಆ ಬಿಡುಗಡೆ ತೆಗೆದುಕೊಂಡಿದ್ದವರು ಸುದ್ದಿ ಬರುವ ಮುಂಚೆಯೇ ಸುರಕ್ಷಿತವಾಗಿದ್ದರು. ಸ್ಟೇಬಲ್ ಪ್ರಕಟಣೆಗಳಲ್ಲಿ ಗ್ರೆಗ್ ಸಾಮಾನ್ಯವಾಗಿ ಈ ಸರಣಿ ಬಳಸುವ ಎಲ್ಲರೂ ಅಪ್‌ಗ್ರೇಡ್ ಆಗಲೇಬೇಕು ಎಂದು ಬರೆಯುತ್ತಾರೆ. ಯಾವ ತಿದ್ದುಪಡಿ ಭದ್ರತೆಯದು ಎಂದು ಬಿಡಿಸಿ ಹೇಳುವುದಿಲ್ಲ. 2024ರ ಫೆಬ್ರುವರಿಯಿಂದ ಕರ್ನಲ್ ಯೋಜನೆಯೇ ಸಿವಿಇ ನಂಬರ್ ಕೊಡುತ್ತಿದೆ. ವಾರಕ್ಕೆ ಹತ್ತಾರು ಬರುತ್ತವೆ. ಒಂದೊಂದನ್ನೂ ಕೂತು ತೂಗಲು ಯಾರಿಂದಲೂ ಆಗುವುದಿಲ್ಲ. ಒಟ್ಟಾಗಿ ತೆಗೆದುಕೊಳ್ಳುವುದೇ ದಾರಿ.

ಹಾಗಾದರೆ ಬಂದ ನಿಮಿಷವೇ ಹಾಕಬೇಕಾ? ಇನ್ನೊಂದು ಬದಿಯೂ ಇದೆ, ಅದನ್ನೂ ಹೇಳಲೇಬೇಕು. 2023ರ ಡಿಸೆಂಬರ್. ಡೆಬಿಯನ್ 12.3 ಬರುವ ದಿನ. ಅದರಲ್ಲಿದ್ದ 6.1.64 ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಡೇಟಾ ಕೆಡಬಹುದು ಎಂದು ತಿಳಿಯಿತು. ಒಂದು ತಿದ್ದುಪಡಿಯನ್ನು ಹಿಂದಿನ ಸರಣಿಗೆ ತರುವಾಗ, ಅದಕ್ಕೆ ಆಧಾರವಾಗಿದ್ದ ಇನ್ನೊಂದು ಬದಲಾವಣೆ ಜೊತೆಗೆ ಬಂದಿರಲಿಲ್ಲ. ಡೆಬಿಯನ್ 12.3ರ ಇಮೇಜ್‌ಗಳನ್ನು ತಡೆಹಿಡಿದು, ಸರಿಪಡಿಸಿದ 6.1.66 ಹಾಕಿ, ಮರುದಿನವೇ 12.4 ಬಿಟ್ಟಿತು. ಹಾಗಾಗಿ ಹತ್ತಿಪ್ಪತ್ತು ಯಂತ್ರ ನೋಡಿಕೊಳ್ಳುವವರು ಮೊದಲು ಒಂದೆರಡಕ್ಕೆ ಹಾಕಿ, ಒಂದೆರಡು ದಿನ ನೋಡಿ, ಉಳಿದವಕ್ಕೆ ಹಾಕಿ. ಮನೆಯ ಲ್ಯಾಪ್‌ಟಾಪ್ ಒಂದೇ ಇದ್ದರೆ ಬ್ಯಾಕಪ್ ಇಟ್ಟುಕೊಂಡು ಆ ವಾರದೊಳಗೆ ಹಾಕಿ. ತಿಂಗಳುಗಟ್ಟಲೆ ಮುಂದೂಡುವುದಕ್ಕೆ ಈ ಘಟನೆ ನೆಪ ಆಗಬಾರದು.

ಹಾಕುವ ಮುಂಚೆ ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಇದೆಯಾ ನೋಡಿ. ಹಳೆಯ ಕರ್ನಲ್‌ಗಳು ತುಂಬಿಕೊಂಡು, ಹೊಸದರ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೂಟ್ ಆಗುವಾಗ ಮೊದಲು ಬೇಕಾಗುವ ಫೈಲ್, ಅರ್ಧಕ್ಕೆ ನಿಂತರೆ ಯಂತ್ರ ಮೇಲೇಳುವುದಿಲ್ಲ. ‘ಆಪ್ಟ್ ಆಟೋರಿಮೂವ್’ ಬೇಡದ್ದನ್ನು ತೆಗೆಯುತ್ತದೆ, ಈಗಿನದನ್ನೂ ಹಿಂದಿನದನ್ನೂ ಉಳಿಸುತ್ತದೆ. ಹಿಂದಿನದು ಇರಲೇಬೇಕು. ಹೊಸದು ಏಳದಿದ್ದರೆ, ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ ಹಳೆಯದನ್ನು ಆರಿಸಬಹುದು. ಎನ್‌ವಿಡಿಯಾದಂಥ ಹೊರಗಿನ ಡ್ರೈವರ್ ಇದ್ದವರು ಅಂಥ ಡ್ರೈವರ್‌ಗಳನ್ನು ಪ್ರತಿ ಕರ್ನಲ್‌ಗೂ ಕಟ್ಟಿಕೊಡುವ ಡಿಕೆಎಂಎಸ್ ಹೊಸ ಕರ್ನಲ್‌ಗೆ ಮಾಡ್ಯೂಲ್ ಕಟ್ಟಿದೆಯಾ ಎಂದು ಅದರ ‘ಸ್ಟೇಟಸ್’ ನೋಡಿಯೇ ರೀಬೂಟ್ ಮಾಡಿ. ಕಪ್ಪು ಪರದೆಯ ಅರ್ಧ ದೂರುಗಳು ಅಲ್ಲೇ ತಪ್ಪುತ್ತವೆ.

ರೀಬೂಟ್ ಮಾಡಲೇಬೇಕು. ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಹೊಸ ಕರ್ನಲ್ ಓಡುವುದಿಲ್ಲ. ಮೆಮೊರಿಯಲ್ಲಿ ಇರುವುದು ಹಳೆಯದೇ. ಉಬುಂಟುವಿನಲ್ಲಿ ‘ರೀಬೂಟ್-ರಿಕ್ವೈರ್ಡ್’ ಎಂಬ ಫೈಲ್ ವಾರ್-ರನ್ ಒಳಗೆ ಹುಟ್ಟುತ್ತದೆ. ಅದು ಇದ್ದರೆ ಕೆಲಸ ಬಾಕಿ ಇದೆ ಎಂದರ್ಥ. ಲಿನಕ್ಸ್ ಅಲ್ಲದ, ಯುನಿಕ್ಸ್ ಮಾದರಿಯ ಫ್ರೀಬಿಎಸ್‌ಡಿ ಬಳಸುವವರಿಗೆ ಇನ್ನೂ ಚಂದದ ದಾರಿ ಇದೆ. ‘ಫ್ರೀಬಿಎಸ್‌ಡಿ-ವರ್ಷನ್ ಹೈಫನ್ ಕೆ’ ಡಿಸ್ಕ್‌ನಲ್ಲಿರುವ ಕರ್ನಲ್ ಹೇಳುತ್ತದೆ, ಯುನೇಮ್ ಓಡುತ್ತಿರುವುದನ್ನು ಹೇಳುತ್ತದೆ. ಎರಡೂ ಬೇರೆಯಾದರೆ ರೀಬೂಟ್ ಬಾಕಿ. ನಿಲ್ಲಿಸಲಾಗದ ಸರ್ವರ್‌ಗಳಿಗೆ ಲೈವ್ ಪ್ಯಾಚ್ ಇದೆ. 2015ರ 4.0 ಕರ್ನಲ್‌ನಿಂದ ಅದಕ್ಕೆ ಮೂಲದಲ್ಲೇ ಅವಕಾಶ ಇದೆ. ಅದು ದೋಷ ಇರುವ ಫಂಕ್ಷನ್‌ಗಳನ್ನು ಮಾತ್ರ ಓಡುತ್ತಿರುವಾಗಲೇ ಬದಲಿಸುತ್ತದೆ. ಎಲ್ಲ ತಿದ್ದುಪಡಿಯೂ ಆ ರೀತಿ ಬರುವುದಿಲ್ಲ. ರೀಬೂಟನ್ನು ಮುಂದಕ್ಕೆ ಹಾಕಬಹುದು, ತಪ್ಪಿಸಲಾಗದು.

ವಿಂಡೋಸ್, ಮ್ಯಾಕ್ ಬಳಸುವವರಿಗೆ ಹೇಳುವುದು ಕಡಿಮೆ. ಅಲ್ಲಿ ಕರ್ನಲ್ ಬೇರೆಯಾಗಿ ಸಿಗುವುದಿಲ್ಲ, ಇಡೀ ವ್ಯವಸ್ಥೆಯ ಅಪ್‌ಡೇಟ್ ಒಳಗೆ ಬರುತ್ತದೆ. ಕೊಡುವವರು ಒಬ್ಬರೇ. ವಿಂಡೋಸ್‌ಗೆ ತಿಂಗಳ ಎರಡನೇ ಮಂಗಳವಾರ. ಇಂಟರ್‌ನೆಟ್ ಇಲ್ಲದ ಯಂತ್ರಕ್ಕೆ ಬೇಕಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲಿ ಕೆಬಿ ನಂಬರ್ ಹಾಕಿ ಇಳಿಸಿಕೊಳ್ಳಬಹುದು. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ‘ಶಟ್ ಡೌನ್’ ಮಾಡಿದಾಗ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ, ಅದರ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಕರ್ನಲ್ ಹೊಸದಾಗಿ ಶುರುವಾಗಬೇಕಿದ್ದರೆ ‘ರೀಸ್ಟಾರ್ಟ್’ ಒತ್ತಿ.

ಕೊನೆಗೆ ಫೋನ್. ಆಂಡ್ರಾಯ್ಡ್ ಒಳಗೂ ಲಿನಕ್ಸ್ ಕರ್ನಲ್ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಕೆಳಗೆ ಕರ್ನಲ್ ಆವೃತ್ತಿ ಸಿಗುತ್ತದೆ. ಅಲ್ಲಿ ಕರ್ನಲ್ ಕೊಟ್ಟವರು ಫೋನ್ ತಯಾರಕರು. ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಎಂದು ಬರುವುದು ಕರ್ನಲ್ ಮುಟ್ಟುವುದಿಲ್ಲ. ನೋಡಬೇಕಾದದ್ದು ‘ಸೆಕ್ಯುರಿಟಿ ಪ್ಯಾಚ್ ಲೆವೆಲ್’ ಎಂಬ ತಾರೀಖು. ಆ ತಾರೀಖು ವರ್ಷದಿಂದ ಕದಲಿಲ್ಲ, ತಯಾರಕರ ಬೆಂಬಲದ ಅವಧಿಯೂ ಮುಗಿದಿದೆ ಅಂದರೆ ಅದಕ್ಕೆ ತಯಾರಕರಿಂದ ಹೊಸ ಕರ್ನಲ್ ಬರುವುದಿಲ್ಲ. ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳಲು ಬೇರೆ ಫೋನ್ ನೋಡಿ. ಹೊಸದು ಕೊಳ್ಳುವಾಗ ಅಂಗಡಿಯವರನ್ನು ಕ್ಯಾಮೆರಾ ಬಗ್ಗೆ ಕೇಳುವ ಮುಂಚೆ, ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. ತಯಾರಕರ ಪುಟದಲ್ಲೂ ಅದನ್ನೇ ಹುಡುಕಿ ನೋಡಿ.